ಬೋವಾಜ್ ಆದ ಮೇಲೆ ಇಂಡೊನೇಷ್ಯಾಕ್ಕೆ ಸ್ಟ್ರೈಕರ್ ಯಾಕೆ ಸಿಗಲಿಲ್ಲ?

2013ರಲ್ಲಿ ಇಂಡೊನೇಷ್ಯಾ ಸೂಪರ್ ಲೀಗ್ ಮುಗಿದಾಗ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯ ತಲೆಯಲ್ಲಿ ಇದ್ದ ಹೆಸರು ಬೋವಾಜ್ ಸೊಲೊಸ್ಸಾ. ಪಪುವಾದ ಪರ್ಸಿಪುರ ಜಯಪುರ ಕ್ಲಬ್ಬಿನ ನಾಯಕ, ರಾಷ್ಟ್ರೀಯ ತಂಡದ ಫಾರ್ವರ್ಡ್, ಆ ಹಂಗಾಮಿನಲ್ಲಿ 25 ಗೋಲು. ಅದಾದ ಮೇಲೆ 2024-25ರ ಹಂಗಾಮಿನವರೆಗೂ ಇಂಡೊನೇಷ್ಯಾದಲ್ಲೇ ಹುಟ್ಟಿ ಬೆಳೆದ ಒಬ್ಬನೇ ಒಬ್ಬ ಆಟಗಾರ ಆ ದೇಶದ ಅಗ್ರ ಲೀಗಿನಲ್ಲಿ ಆ ಗೌರವ ಪಡೆದಿಲ್ಲ. 2017ರಲ್ಲಿ ನೆದರ್ಲೆಂಡ್ಸ್‌ನ ಸಿಲ್ವಾನೊ ಕೊಂವಾಲಿಯಸ್ 37 ಗೋಲು ಹೊಡೆದು ದಾಖಲೆ ಬರೆದರು. ಆಮೇಲೆ ಸರ್ಬಿಯಾದ ರಾಕಿಚ್, ಕ್ರೊವೇಷಿಯಾದ ಸಿಮಿಚ್. 2021-22ರಲ್ಲಿ ಗೆದ್ದ ಇಲಿಯಾ ಸ್ಪಾಸೊಯೆವಿಚ್ ಕೈಯಲ್ಲಿ ಇಂಡೊನೇಷ್ಯಾದ ಪಾಸ್‌ಪೋರ್ಟ್ ಇತ್ತು ನಿಜ, ಆದರೆ ಅವರು ಆಟ ಕಲಿತದ್ದು ಮಾಂಟೆನೆಗ್ರೊದಲ್ಲಿ. ಆಮೇಲಿನ ಮೂರು ಹಂಗಾಮುಗಳಲ್ಲಿ ಮೂವರೂ ಬ್ರೆಜಿಲಿನವರು: ಮಥೇವುಸ್ ಪಾತೊ, ಡೇವಿಡ್ ಡ ಸಿಲ್ವಾ, ಅಲೆಕ್ಸ್ ಮಾರ್ಟಿನ್ಸ್.

ಸುಮಾರು 28 ಕೋಟಿ ಜನ ಇರುವ ದೇಶ ಅದು. ಫುಟ್‌ಬಾಲ್ ಅಲ್ಲಿ ಹುಚ್ಚು ಅನ್ನುವ ಮಟ್ಟಕ್ಕೆ ಹೋದದ್ದು. ರಾಷ್ಟ್ರೀಯ ತಂಡ ಆಡುವ ದಿನ ಜಕಾರ್ತಾದ ಗೆಲೋರಾ ಬುಂಗ್ ಕಾರ್ನೊ ಸ್ಟೇಡಿಯಂ ಕೆಂಪು ಅಂಗಿಗಳಿಂದ ತುಂಬಿ ತುಳುಕುತ್ತದೆ. ಇಂಥ ಕಡೆ ಗೋಲು ಹೊಡೆಯುವ ಹುಡುಗರೇ ಹುಟ್ಟುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಹುಡುಗರು ಇದ್ದಾರೆ, ಅವರು ನಿಲ್ಲಬೇಕಾದ ಜಾಗವನ್ನು ಬೇರೆಯವರಿಗೆ ಕೊಟ್ಟಾಗಿದೆ. ವಿದೇಶದಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳುವುದು ಸರಿಯೋ ತಪ್ಪೋ ಎಂದು ಆ ದೇಶದಲ್ಲಿ ಕೆಲವು ವರ್ಷಗಳಿಂದ ದೊಡ್ಡ ಜಗಳವೇ ನಡೆದಿದೆ. ಆ ಜಗಳದಲ್ಲಿ ಲೀಗಿನ ಹೆಸರು ಮಾತ್ರ ಬರಬೇಕಾದಷ್ಟು ಬರುವುದಿಲ್ಲ.

ಮೊದಲು ಲೆಕ್ಕ ನೋಡೋಣ. 2026ರ ವಿಶ್ವಕಪ್‌ಗೆ ಏಷ್ಯಾದ ಅರ್ಹತಾ ಪಂದ್ಯಗಳ ಮೂರನೇ ಸುತ್ತಿನಲ್ಲಿ ಇಂಡೊನೇಷ್ಯಾ ಹತ್ತು ಪಂದ್ಯ ಆಡಿತು. ಜಪಾನ್, ಆಸ್ಟ್ರೇಲಿಯಾ, ಸೌದಿ ಅರೇಬಿಯಾ ಇದ್ದ ಗುಂಪಿನಲ್ಲಿ 12 ಅಂಕ ಗಳಿಸಿ ನಾಲ್ಕನೇ ಸ್ಥಾನ ಹಿಡಿದದ್ದು ಆ ತಂಡದ ಇತಿಹಾಸದಲ್ಲಿ ಸಣ್ಣ ಸಾಧನೆಯಲ್ಲ. ಆದರೆ ಆ ಹತ್ತು ಪಂದ್ಯಗಳಲ್ಲಿ ತಂಡ ಹೊಡೆದದ್ದು ಬರೀ ಒಂಬತ್ತು ಗೋಲು. ಅದರಲ್ಲಿ ಎರಡು ಮಾರ್ಸೆಲಿನೊ ಫರ್ಡಿನಾನ್ ಅವರದ್ದು, 2024ರ ನವೆಂಬರ್‌ನಲ್ಲಿ ಜಕಾರ್ತಾದಲ್ಲಿ ಸೌದಿಯನ್ನು 2-0ಯಿಂದ ಕೆಡವಿದ ರಾತ್ರಿ ಬಂದವು. ಮಾರ್ಸೆಲಿನೊ ದೇಶದೊಳಗೇ ಬೆಳೆದ ಹುಡುಗ, ಪರ್ಸೆಬಾಯಾ ಕ್ಲಬ್ಬಿನ ಕೊಡುಗೆ, ಆದರೆ ಸ್ಟ್ರೈಕರ್ ಅಲ್ಲ, ಮಿಡ್‌ಫೀಲ್ಡರ್. ಮೂರು ಗೋಲು ನೆದರ್ಲೆಂಡ್ಸ್‌ನ ನೈಮೇಖನ್ ಊರಿನಲ್ಲಿ ಹುಟ್ಟಿದ ಓಲೆ ರೊಮೆನಿ ಅವರವು. ಉಳಿದ ನಾಲ್ಕೂ ಯುರೋಪಿನಲ್ಲೇ ಹುಟ್ಟಿ ಬೆಳೆದ ಆಟಗಾರರ ಕಾಲಿನಿಂದ ಬಂದವು. ಇಂಡೊನೇಷ್ಯಾದ ಲೀಗಿನಲ್ಲಿ ಪಳಗಿದ ಸ್ಟ್ರೈಕರ್ ಒಬ್ಬ ಹೊಡೆದ ಗೋಲು ಆ ಪಟ್ಟಿಯಲ್ಲಿ ಒಂದೂ ಇಲ್ಲ.

ಹಿಂದೆ ಹೀಗಿರಲಿಲ್ಲ. 1990ರ ದಶಕದಲ್ಲಿ ಇಟಲಿಗೆ ಕಳುಹಿಸಿ ತರಬೇತಿ ಕೊಡಿಸಿದ ಹುಡುಗರ ತಂಡದಿಂದ ಕುರ್ನಿಯಾವಾನ್ ದ್ವಿ ಯೂಲಿಯಾಂತೊ ಬಂದರು, ಸ್ವಿಟ್ಜರ್ಲೆಂಡಿನ ಲುಜರ್ನ್ ಕ್ಲಬ್ಬಿಗೂ ಆಡಿದರು. ಅವರ ಬೆನ್ನಿಗೇ ಬಂಬಂಗ್ ಪಮುಂಗ್ಕಾಸ್. ಆಗ್ನೇಯ ಏಷ್ಯಾದ ದೇಶಗಳ ಟೂರ್ನಿಯಾದ ಟೈಗರ್ ಕಪ್‌ನಲ್ಲಿ, 2002ರಲ್ಲಿ, ಎಂಟು ಗೋಲು ಹೊಡೆದು ಟೂರ್ನಿಗೇ ಮೊದಲಿಗರಾದ ಬಂಬಂಗ್, ಎತ್ತರದ ಆಳಲ್ಲದಿದ್ದರೂ ತಲೆಯಿಂದ ಹೊಡೆಯುವ ಗೋಲಿಗೆ ಹೆಸರಾದವರು. ಈ ಇಬ್ಬರ ನೆರಳಿನಲ್ಲೇ ಬೋವಾಜ್ ಕಾಣಿಸಿಕೊಂಡದ್ದು.

ಬೋವಾಜ್ ಹುಟ್ಟಿದ್ದು 1986ರ ಮಾರ್ಚ್‌ನಲ್ಲಿ, ಸೊರೊಂಗ್‌ನಲ್ಲಿ. ಪಪುವಾದ ಪಶ್ಚಿಮ ತುದಿಯ ಬಂದರು ಊರು ಅದು. ಗಡಿಯಾರ ಜಕಾರ್ತಾಕ್ಕಿಂತ ಎರಡು ಗಂಟೆ ಮುಂದೆ. ರಾಜಧಾನಿಯ ಕ್ಲಬ್ಬುಗಳ ಕಣ್ಣಿಗೆ ಬೀಳುವುದು ಅಲ್ಲಿನ ಹುಡುಗನಿಗೆ ಸುಲಭವಲ್ಲ. ಅವರು ಕಣ್ಣಿಗೆ ಬಿದ್ದದ್ದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಕ್ರೀಡಾಕೂಟದಲ್ಲಿ, 2004ರಲ್ಲಿ, ಪಪುವಾ ಪ್ರಾಂತ್ಯದ ಪರವಾಗಿ ಆಡುವಾಗ. ಆಗ ರಾಷ್ಟ್ರೀಯ ತಂಡದ ತರಬೇತುದಾರ ಇಂಗ್ಲೆಂಡಿನ ಪೀಟರ್ ವಿತ್. 1982ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಆಸ್ಟನ್ ವಿಲ್ಲಾಕ್ಕೆ ಗೆಲುವಿನ ಗೋಲು ಹೊಡೆದ ಅದೇ ವಿತ್. ತಾನೇ ಸ್ಟ್ರೈಕರ್ ಆಗಿದ್ದವರು, ಹದಿನೆಂಟರ ಹುಡುಗನಲ್ಲಿ ಏನಿದೆ ಎಂದು ಗುರುತಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ವರ್ಷದ ಕೊನೆಗೆ ಟೈಗರ್ ಕಪ್‌ನಲ್ಲಿ ಬೋವಾಜ್ ನೇರ ಹನ್ನೊಂದರ ಬಳಗಕ್ಕೆ ಬಂದರು.

ಆ ಟೂರ್ನಿಯ ಸೆಮಿಫೈನಲ್‌ನಲ್ಲಿ ಮಲೇಷ್ಯಾ ಜಕಾರ್ತಾದಲ್ಲಿ 2-1ರಿಂದ ಗೆದ್ದು ಹೋಗಿತ್ತು. ಕ್ವಾಲಾಲಂಪುರದ ಎರಡನೇ ಪಂದ್ಯದಲ್ಲಿ ಇಂಡೊನೇಷ್ಯಾ ತಿರುಗಿಬಿದ್ದು 4-1ರಿಂದ ಗೆದ್ದಿತು. ಕೊನೆಯ ಗೋಲು ಬೋವಾಜ್ ಅವರದ್ದು. ಎಡಗಾಲಿನ ಆಟಗಾರ, ಎದುರಾಳಿ ಡಿಫೆಂಡರ್ ತಿರುಗುವಷ್ಟರಲ್ಲಿ ಅವನನ್ನು ಹಿಂದಿಕ್ಕುವ ಓಟ. ಫೈನಲ್‌ನ ಮೊದಲ ಪಂದ್ಯದಲ್ಲಿ ಸಿಂಗಪುರದ ಡಿಫೆಂಡರ್ ಹಾಕಿದ ಟ್ಯಾಕಲ್‌ಗೆ ಕಾಲು ಪೆಟ್ಟಾಗಿ ಹೊರಹೋದರು. ಇಂಡೊನೇಷ್ಯಾ ಎರಡೂ ಪಂದ್ಯ ಸೋತಿತು.

ಕಾಲಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. 2007ರಲ್ಲಿ ಏಷ್ಯಾ ಕಪ್‌ಗೆ ಇಂಡೊನೇಷ್ಯಾ ಆತಿಥ್ಯ ವಹಿಸಿದ ನಾಲ್ಕು ದೇಶಗಳಲ್ಲಿ ಒಂದು. ತವರಿನ ಜನರ ಮುಂದೆ ಆಡುವ ಅವಕಾಶ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಟೂರ್ನಿಗೆ ಕೆಲವೇ ವಾರ ಇದ್ದಾಗ ಹಾಂಗ್‌ಕಾಂಗ್ ವಿರುದ್ಧ ಒಂದು ಸ್ನೇಹಪಂದ್ಯ ಇಟ್ಟುಕೊಂಡರು. ಮೂರು ಗೋಲಿನಿಂದ ಗೆದ್ದ ಆ ಪಂದ್ಯದಲ್ಲಿ ಬೋವಾಜ್ ಕಾಲು ಮುರಿಯಿತು. ಏಷ್ಯಾ ಕಪ್‌ನಲ್ಲಿ ಇಂಡೊನೇಷ್ಯಾ ಬಹರೇನ್ ವಿರುದ್ಧ 2-1ರಿಂದ ಗೆದ್ದು, ಸೌದಿ ಮತ್ತು ಕೊರಿಯಾ ವಿರುದ್ಧ ತಲಾ ಒಂದು ಗೋಲಿನ ಅಂತರದಲ್ಲಿ ಸೋತು ಹೊರಬಿತ್ತು. ಅವರಿದ್ದಿದ್ದರೆ ಎಂದು ಆ ದೇಶದ ಅಭಿಮಾನಿಗಳು ಇವತ್ತಿಗೂ ಅಂದುಕೊಳ್ಳುವ ಟೂರ್ನಿ ಅದು.

ರಾಷ್ಟ್ರೀಯ ತಂಡದಲ್ಲಿ ಹೀಗೆ ತುಂಡುತುಂಡಾಗಿ ಹೋದ ಬದುಕು ಕ್ಲಬ್ಬಿನಲ್ಲಿ ಮಾತ್ರ ಇಡಿಯಾಗಿ ಅರಳಿತು. ಪರ್ಸಿಪುರ 2005, 2009, 2011, 2013ರಲ್ಲಿ ಲೀಗ್ ಗೆದ್ದಿತು, ನಾಲ್ಕರಲ್ಲೂ ಬೋವಾಜ್ ಇದ್ದರು. ಕೊನೆಯ ಮೂರು ಪ್ರಶಸ್ತಿಗಳ ಹೊತ್ತಿಗೆ ತರಬೇತುದಾರರಾಗಿದ್ದವರು ಬ್ರೆಜಿಲಿನ ಜಾಕ್ಸನ್ ಟಿಯಾಗೊ. ಆ ಮೂರೂ ಹಂಗಾಮುಗಳಲ್ಲಿ ಅತಿ ಹೆಚ್ಚು ಗೋಲಿನ ಗೌರವ ಬೋವಾಜ್ ಅವರಿಗೇ ಬಂತು: 2008-09ರಲ್ಲಿ 28 (ಉರುಗ್ವೆ ಮೂಲದ ಕ್ರಿಸ್ಟಿಯನ್ ಗೊನ್ಸಾಲೆಸ್ ಜೊತೆ ಹಂಚಿಕೊಂಡದ್ದು), 2010-11ರಲ್ಲಿ 22, 2013ರಲ್ಲಿ 25. ಪರ್ಸಿಪುರದಲ್ಲೂ ವಿದೇಶಿಯರಿದ್ದರು, ಬೆಟೊ ಗೊನ್ಸಾಲ್ವೆಸ್‌ರಂಥ ಒಳ್ಳೆಯ ಬ್ರೆಜಿಲಿಯನ್ ಫಾರ್ವರ್ಡ್ ಇದ್ದರು. ಆದರೂ ದಾಳಿಯ ಕೇಂದ್ರ ಸೊರೊಂಗ್‌ನ ಹುಡುಗನೇ. ವಿದೇಶಿ ಆಟಗಾರ ಅವನ ಜಾಗ ಕಿತ್ತುಕೊಳ್ಳಲಿಲ್ಲ, ಅವನ ಪಕ್ಕದಲ್ಲಿ ಆಡಿದ. ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹೊರಗಿದ್ದಾಗಲೂ ಕ್ಲಬ್ ಕಾಯಿತು. ಈಗಿನ ಲೀಗಿನಲ್ಲಿ ಸಿಗದಿರುವುದು ಈ ಕಾಯುವಿಕೆ.

2010ರ ಅಕ್ಟೋಬರ್‌ನಲ್ಲಿ ಉರುಗ್ವೆ ಜಕಾರ್ತಾಕ್ಕೆ ಬಂತು. ಮೂರು ತಿಂಗಳ ಹಿಂದಷ್ಟೇ ವಿಶ್ವಕಪ್ ಸೆಮಿಫೈನಲ್ ಆಡಿದ್ದ ತಂಡ, ಸುವಾರೆಸ್ ಮತ್ತು ಕವಾನಿ ಇಬ್ಬರೂ ಕಣದಲ್ಲಿ. ಮೊದಲ ಗೋಲು ಬೋವಾಜ್ ಹೊಡೆದರು! ಸ್ಟೇಡಿಯಂ ಹೇಗೆ ಕೂಗಿರಬಹುದು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಸುವಾರೆಸ್ ಮೂರು, ಕವಾನಿ ಮೂರು, ಒಟ್ಟು 7-1. ಆದರೆ ಆ ಒಂದು ಗೋಲಿನ ವೀಡಿಯೊವನ್ನು ಇಂಡೊನೇಷ್ಯಾದ ಜನ ಇಂದಿಗೂ ಹುಡುಕಿ ನೋಡುತ್ತಾರೆ.

ಪರ್ಸಿಪುರದ ಆ ಕಾಲದ ಎತ್ತರ ಗೊತ್ತಾಗಬೇಕಾದರೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. 2014ರಲ್ಲಿ ಪರ್ಸಿಪುರ ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್ ತಲುಪಿತ್ತು. ಕುವೈತ್ ಎಸ್‌ಸಿಯನ್ನು ಜಯಪುರದಲ್ಲಿ 6-1ರಿಂದ ಬಗ್ಗುಬಡಿದು ಅಲ್ಲಿಗೆ ಬಂದದ್ದು. ಮರುವರ್ಷ ಅದೇ ಟೂರ್ನಿಯಲ್ಲಿ ಬೆಂಗಳೂರು ಎಫ್‌ಸಿ ಇದ್ದ ಗುಂಪಿಗೇ ಪರ್ಸಿಪುರ ಬಂತು. ಗುಂಪಿನಲ್ಲಿ ಪರ್ಸಿಪುರ ಮೊದಲನೆಯದು, ಬಿಎಫ್‌ಸಿ ಎರಡನೆಯದು. ಭಾರತದ ಚಾಂಪಿಯನ್ ತಂಡವನ್ನೇ ಹಿಂದಿಟ್ಟ ಕ್ಲಬ್ ಅದು.

ಮುಂದಿನ ಸುತ್ತಿನಲ್ಲಿ ಮಲೇಷ್ಯಾದ ಪಹಾಂಗ್ ಜಯಪುರಕ್ಕೆ ಬರಬೇಕಿತ್ತು. ಪಹಾಂಗ್‌ನ ವಿದೇಶಿ ಆಟಗಾರರಿಗೆ ಇಂಡೊನೇಷ್ಯಾದ ವೀಸಾ ತೊಡಕಾಗಿ ಪಂದ್ಯವೇ ನಡೆಯಲಿಲ್ಲ, ಏಷ್ಯಾ ಒಕ್ಕೂಟ ಪಹಾಂಗ್‌ಗೆ 3-0 ಗೆಲುವು ಬರೆದುಕೊಟ್ಟಿತು. ಮೈದಾನದಲ್ಲಿ ಗೆಲ್ಲಬಹುದಾಗಿದ್ದನ್ನು ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಕಳೆದುಕೊಂಡಂತಾಯಿತು. ಅದರ ಬೆನ್ನಿಗೇ, 2015ರ ಮೇ 30ರಂದು, ಫಿಫಾ ಇಂಡೊನೇಷ್ಯಾವನ್ನು ಅಮಾನತು ಮಾಡಿತು. ಫುಟ್‌ಬಾಲ್ ಸಂಸ್ಥೆ ಪಿಎಸ್‌ಎಸ್‌ಐ ಮತ್ತು ಕ್ರೀಡಾ ಸಚಿವಾಲಯದ ನಡುವಿನ ಕಿತ್ತಾಟದಲ್ಲಿ ಸರ್ಕಾರ ಸಂಸ್ಥೆಯನ್ನು ತಡೆಹಿಡಿದದ್ದೇ ಕಾರಣ. ಲೀಗ್ ಆಗಲೇ ನಿಂತಿತ್ತು. 2018ರ ವಿಶ್ವಕಪ್ ಮತ್ತು 2019ರ ಏಷ್ಯಾ ಕಪ್ ಎರಡರ ಅರ್ಹತಾ ಪಂದ್ಯಗಳೂ ಕೈತಪ್ಪಿದವು. ನಮ್ಮಲ್ಲಿ 2022ರ ಆಗಸ್ಟ್‌ನಲ್ಲಿ ಭಾರತದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್ ಅಮಾನತಾದಾಗ ಹನ್ನೊಂದು ದಿನಕ್ಕೆ ಬಗೆಹರಿಯಿತು, ಅಲ್ಲಿ ವರ್ಷಕ್ಕೆ ಸಮೀಪ ಹಿಡಿಯಿತು. ಬೋವಾಜ್‌ಗೆ ಆಗ ಇಪ್ಪತ್ತೊಂಬತ್ತು, ಸ್ಟ್ರೈಕರ್‌ಗೆ ಕಾಲೂ ತಲೆಯೂ ಒಟ್ಟಿಗೆ ಕೆಲಸ ಮಾಡುವ ವಯಸ್ಸು.

ಅಮಾನತು ತೆರವಾದ ವರ್ಷವೇ, 2016ರ ಎಎಫ್‌ಎಫ್ ಟೂರ್ನಿಗೆ (ಹಳೇ ಟೈಗರ್ ಕಪ್ಪೇ ಅದು), ಅವರು ನಾಯಕರಾಗಿ ಬಂದರು. ದೇಶದಲ್ಲಿ ಆಗ ಬದಲಿ ಲೀಗೊಂದು ನಡೆಯುತ್ತಿದ್ದುದರಿಂದ ತರಬೇತುದಾರ ಆಲ್ಫ್ರೆಡ್ ರೀಡಲ್ ಒಂದು ಕ್ಲಬ್ಬಿನಿಂದ ಇಬ್ಬರಿಗಿಂತ ಹೆಚ್ಚು ಆಟಗಾರರನ್ನು ಕರೆಯುವಂತಿರಲಿಲ್ಲ. ರಾಷ್ಟ್ರೀಯ ತಂಡಕ್ಕೇ ಕ್ಲಬ್ಬುಗಳು ಇಂಥ ಷರತ್ತು ಹಾಕಿದ ಉದಾಹರಣೆ ನನಗೆ ಬೇರೆ ನೆನಪಿಲ್ಲ. ಆ ತೇಪೆ ಹಚ್ಚಿದ ತಂಡವನ್ನು ಕಟ್ಟಿಕೊಂಡು ಬೋವಾಜ್ ಮೂರು ಗೋಲು ಹೊಡೆದು ಫೈನಲ್‌ಗೆ ತಂದರು. ತವರಿನ ಪಕಾನ್ಸಾರಿ ಸ್ಟೇಡಿಯಂನಲ್ಲಿ ಥಾಯ್ಲೆಂಡ್ ವಿರುದ್ಧ 2-1 ಗೆಲುವು, ಬ್ಯಾಂಕಾಕ್‌ನಲ್ಲಿ 2-0 ಸೋಲು. 2004ರ ಹಾಗೆಯೇ ಎರಡನೇ ಸ್ಥಾನ.

ಇನ್ನು ಮೇಲಿನದು ಇಳಿಜಾರು. 2021ರಲ್ಲಿ ಪರ್ಸಿಪುರ ಅವರನ್ನು ಬಿಟ್ಟುಕೊಟ್ಟಿತು, ಅವರು ಬೊರ್ನಿಯೊ ಎಫ್‌ಸಿಗೆ, ಆಮೇಲೆ ಪಿಎಸ್‌ಎಸ್ ಸ್ಲೆಮಾನ್‌ಗೆ ಹೋದರು. ಕೋವಿಡ್‌ನಿಂದಾಗಿ 2021-22ರ ಲೀಗ್ ಪೂರ್ತಿ ಜಾವಾ ಮತ್ತು ಬಾಲಿಯಲ್ಲೇ ನಡೆಯಿತು. ಪಪುವಾದ ಕ್ಲಬ್‌ಗೆ ಒಂದೇ ಒಂದು ತವರಿನ ಪಂದ್ಯ ಇಲ್ಲ. ಆಟಗಾರರಿಗೆ ಸೋಂಕು ಎಂದು ಒಂದು ಪಂದ್ಯಕ್ಕೆ ಹಾಜರಾಗದೆ ಅಂಕವನ್ನೂ ಕಳೆದುಕೊಂಡರು. ಹಂಗಾಮು ಮುಗಿದಾಗ ಪರ್ಸಿಪುರ ಎರಡನೇ ದರ್ಜೆಗೆ ಬಿದ್ದಿತ್ತು.

ಇದು ಒಂದು ಕ್ಲಬ್ಬಿನ ದುರಂತ ಮಾತ್ರವಲ್ಲ. ಹಿಂದೆ ಪ್ರಾಂತ್ಯ, ಜಿಲ್ಲೆಗಳ ಸರ್ಕಾರಿ ಬಜೆಟ್ಟಿನಿಂದಲೇ ಕ್ಲಬ್ಬುಗಳು ನಡೆಯುತ್ತಿದ್ದವು. ಅದರಲ್ಲಿ ಸೋರಿಕೆ ಇತ್ತು, ರಾಜಕೀಯ ಇತ್ತು. ವೃತ್ತಿಪರ ಕ್ಲಬ್ಬುಗಳಿಗೆ ಆ ಹಣ ಕೊಡಬಾರದೆಂದು ಗೃಹ ಸಚಿವಾಲಯ ನಿಯಮ ತಂದದ್ದು ತಪ್ಪಲ್ಲ. ಆದರೆ ಆ ಹಣ ನಿಂತಾಗ ಜಾವಾದ ದೊಡ್ಡ ನಗರಗಳ ಕ್ಲಬ್ಬುಗಳಿಗೆ ಪ್ರಾಯೋಜಕರು ಸಿಕ್ಕರು, ದೂರದ ಊರುಗಳಿಗೆ ಸಿಗಲಿಲ್ಲ. ಊರಿನ ಹುಡುಗನನ್ನು ಊರಿನ ಕ್ಲಬ್ ಬೆಳೆಸಿ ಊರಿನ ಮುಂದೆಯೇ ಆಡಿಸುವ ವ್ಯವಸ್ಥೆ ಪಪುವಾದಲ್ಲಿ ಸೊರಗಿತು. ಪಪುವಾದ ವೇಗದ ಹುಡುಗರು ಈಗಲೂ ರಾಷ್ಟ್ರೀಯ ತಂಡಕ್ಕೆ ಬರುತ್ತಾರೆ, ಆದರೆ ಯಾಕೋಬ್ ಸಯೂರಿಯಂತೆ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಇಲ್ಲವೇ ವಿಂಗ್‌ಬ್ಯಾಕ್ ಆಗಿ. ಗ್ಯಾಲರಿಯಿಂದ, ಮೊಬೈಲಿನಿಂದ ಅವರ ಮೇಲೆ ಬೀಳುವ ಜನಾಂಗೀಯ ಬೈಗುಳ ಬೇರೆ. ಅದನ್ನು ಬರೆಯಲು ಹೋದರೆ ಇನ್ನೊಂದು ಲೇಖನವೇ ಆದೀತು.

ವಿಂಗ್‌ಗೆ ತಳ್ಳುವುದು ಪಪುವಾದವರಿಗಷ್ಟೇ ಅಲ್ಲ. ಹತ್ತು ವರ್ಷಗಳಿಂದ ಇಂಡೊನೇಷ್ಯಾದಲ್ಲಿ ಹೆಸರು ಮಾಡಿದ ದಾಳಿಗಾರರನ್ನು ನೋಡಿ: ಪೋಲೆಂಡಿನ ಲೆಹಿಯಾ ಗ್ಡಾನ್ಸ್ಕ್‌ಗೆ ಹೋದ ಎಗಿ ಮೌಲಾನಾ ವಿಕ್ರಿ, ಅದೇ ದಾರಿಯಲ್ಲಿ ನಡೆದ ವಿತಾನ್ ಸುಲೈಮಾನ್, ಸದ್ದಿಲ್ ರಾಮ್ದಾನಿ. ಎಲ್ಲರೂ ಪಕ್ಕದಿಂದ ಒಳಗೆ ಕೊಯ್ದು ಬರುವವರು. ನಡುವೆ ನಿಂತು, ಬೆನ್ನಿಗೆ ಇಬ್ಬರು ಡಿಫೆಂಡರ್‌ಗಳನ್ನು ಹೊತ್ತು, ಅರ್ಧ ಅವಕಾಶವನ್ನು ಗೋಲಾಗಿಸುವವನು ಇವರಲ್ಲಿ ಇಲ್ಲ. ಕಾರಣ ತರಬೇತುದಾರನ ಕುರ್ಚಿಯಲ್ಲಿ ಕೂತು ನೋಡಿದರೆ ತಿಳಿಯುತ್ತದೆ. ನಾಲ್ಕೈದು ಪಂದ್ಯ ಸೋತರೆ ಕೆಲಸ ಹೋಗುವ ಲೀಗಿನಲ್ಲಿ, ಎರಡು ವರ್ಷ ಗೋಲು ತಪ್ಪಿಸುತ್ತಾ ಕಲಿಯುವ ಹತ್ತೊಂಬತ್ತರ ಹುಡುಗನನ್ನು ನಡುವೆ ನಿಲ್ಲಿಸುವ ಧೈರ್ಯ ಯಾರಿಗಿದೆ? ಏಜೆಂಟನ ಪೆನ್‌ಡ್ರೈವ್‌ನಲ್ಲಿ ಇಪ್ಪತ್ತೆಂಟರ ಬ್ರೆಜಿಲಿಯನ್ ಒಬ್ಬನ ಗೋಲುಗಳ ವೀಡಿಯೊ ಇರುತ್ತದೆ. ಮೈದಾನದ ಬೇರೆ ಯಾವ ಜಾಗದಲ್ಲಿ ತಪ್ಪಾದರೂ ಮುಚ್ಚಿಕೊಳ್ಳಬಹುದು, ಗೋಲ್‌ಕೀಪರ್ ಮತ್ತು ಸ್ಟ್ರೈಕರ್ ಮಾಡಿದ ತಪ್ಪು ಮರುದಿನದ ಸ್ಕೋರ್‌ಲೈನ್‌ನಲ್ಲಿ ಕಾಣುತ್ತದೆ. ಹಾಗಾಗಿ ವಿದೇಶಿ ಕೋಟಾದ ಮೊದಲ ಸೀಟು ಸ್ಟ್ರೈಕರ್‌ಗೆ. ದೇಸಿ ಹುಡುಗನಿಗೆ ವಿಂಗ್, ಇಲ್ಲವೇ ಬೆಂಚು, ಇಲ್ಲವೇ ಎಂಬತ್ತನೇ ನಿಮಿಷ.

ಕ್ಲಬ್ಬುಗಳು ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡುತ್ತಿವೆ. ಎಲ್ಲರೂ ಹಾಗೆ ಮಾಡಿದಾಗ ರಾಷ್ಟ್ರೀಯ ತಂಡದ ನಡುವೆ ಒಂದು ಗುಂಡಿ ಬೀಳುತ್ತದೆ. ಪೌರತ್ವದ ಕಾಗದದಿಂದ ಅದನ್ನು ಮುಚ್ಚುವ ಕೆಲಸ ಶುರುವಾಗಿ ಹದಿನೈದು ವರ್ಷ ಆಯಿತು. ಮೊದಲ ಅಲೆಯವರು ಲೀಗಿನಲ್ಲೇ ವರ್ಷಗಟ್ಟಲೆ ಆಡಿ ಅಲ್ಲೇ ಸಂಸಾರ ಹೂಡಿದವರು. ಕ್ರಿಸ್ಟಿಯನ್ ಗೊನ್ಸಾಲೆಸ್ 2010ರ ನವೆಂಬರ್‌ನಲ್ಲಿ ಇಂಡೊನೇಷ್ಯಾದ ಪೌರರಾದರು. ಮರುತಿಂಗಳೇ ಎಎಫ್‌ಎಫ್ ಸೆಮಿಫೈನಲ್‌ನ ಎರಡೂ ಪಂದ್ಯಗಳಲ್ಲಿ ಫಿಲಿಪ್ಪೀನ್ಸ್ ವಿರುದ್ಧ ಒಂದೊಂದು ಗೋಲು ಹೊಡೆದು ತಂಡವನ್ನು ದಾಟಿಸಿದರು. ಆಗ ಅವರಿಗೆ ಮೂವತ್ತನಾಲ್ಕು. ಅದೇ ಟೂರ್ನಿಯಲ್ಲಿ, ಆಟದ ಉತ್ತುಂಗದಲ್ಲಿದ್ದ ಬೋವಾಜ್ ತಂಡದಲ್ಲಿರಲಿಲ್ಲ ಎಂಬುದು ಬೇರೆ ಮಾತು. ಎರಡನೇ ಅಲೆ ಡಚ್ ವಸಾಹತು ಕಾಲದ ನೆಂಟಸ್ತಿಕೆಯದ್ದು. ಅಜ್ಜಿಯೋ ಅಜ್ಜನೋ ಇಂಡೊನೇಷ್ಯಾದಲ್ಲಿ ಹುಟ್ಟಿದ್ದರೆ ಮೊಮ್ಮಗ ಆ ದೇಶಕ್ಕೆ ಆಡಬಹುದು ಎಂಬ ಫಿಫಾ ನಿಯಮವನ್ನು, ಮೊದಲು ಕೊರಿಯಾದ ತರಬೇತುದಾರ ಶಿನ್ ತೇ-ಯಾಂಗ್ ಕಾಲದಲ್ಲಿ, 2023ರಲ್ಲಿ ಎರಿಕ್ ತೋಹಿರ್ ಪಿಎಸ್‌ಎಸ್‌ಐ ಅಧ್ಯಕ್ಷರಾದ ಮೇಲೆ ಇನ್ನೂ ಜೋರಾಗಿ, ಬಳಸಿಕೊಂಡರು.

ಓಲೆ ರೊಮೆನಿ ಆ ಅಲೆಯ ಆಟಗಾರ. ಅವರ ಅಜ್ಜಿ ಮೇಡಾನ್‌ನವರು. 2025ರ ಜನವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಯುನೈಟೆಡ್ ಸೇರಿದರು. ಆ ಕ್ಲಬ್ಬಿನ ಒಡೆತನದಲ್ಲಿ ತೋಹಿರ್ ಅವರದ್ದೂ ಪಾಲಿದೆ ಎಂಬುದನ್ನು ಮರೆಯಬಾರದು. ಫೆಬ್ರವರಿ 8ರಂದು ಲಂಡನ್ನಿನ ರಾಯಭಾರ ಕಚೇರಿಯಲ್ಲಿ ಪ್ರಮಾಣ ವಚನ, ಮಾರ್ಚ್ 20ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಪಂದ್ಯ. 5-1ರಿಂದ ಸೋತ ಆ ಪಂದ್ಯದ ಒಂದೇ ಗೋಲು ಅವರದ್ದು. ಐದು ದಿನದ ನಂತರ ಜಕಾರ್ತಾದಲ್ಲಿ ಮಾರ್ಸೆಲಿನೊ ಕೊಟ್ಟ ಪಾಸಿಗೆ ಓಡಿ ಬಹರೇನ್ ವಿರುದ್ಧ ಗೆಲುವಿನ ಗೋಲು. ಜೂನ್ 5ರಂದು ಚೀನಾ ವಿರುದ್ಧ ಪೆನಾಲ್ಟಿ. ಪೆನಾಲ್ಟಿ ಗಳಿಸಿಕೊಟ್ಟವರು ರಿಕಿ ಕಂಬುವಾಯಾ, ಬೋವಾಜ್ ಊರಾದ ಸೊರೊಂಗ್‌ನಲ್ಲೇ ಹುಟ್ಟಿದವರು. ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ನುಗ್ಗಿ ಬಿದ್ದವರು ಸೊರೊಂಗ್‌ನವರು, ಚೆಂಡನ್ನು ಬಿಂದುವಿನ ಮೇಲಿಟ್ಟವರು ನೈಮೇಖನ್‌ನವರು. ಈ ತಂಡದಲ್ಲಿ ಯಾರ ಪಾಲಿಗೆ ಯಾವ ಕೆಲಸ ಬಂದಿದೆ ಎಂಬುದು ಆ ಒಂದು ನಿಮಿಷದಲ್ಲೇ ಇದೆ.

ಮುಂದಿನ ತಿಂಗಳು ಆಕ್ಸ್‌ಫರ್ಡ್ ತಂಡ ಪ್ರೆಸಿಡೆಂಟ್ಸ್ ಕಪ್ ಎಂಬ ಹಂಗಾಮಿಗೆ ಮುಂಚಿನ ಟೂರ್ನಿ ಆಡಲು ಇಂಡೊನೇಷ್ಯಾಕ್ಕೆ ಬಂತು. ಅರೆಮಾ ಕ್ಲಬ್ ವಿರುದ್ಧದ ಪಂದ್ಯದಲ್ಲಿ ರೊಮೆನಿ ಕಾಲಿಗೆ ಗಂಭೀರ ಪೆಟ್ಟಾಗಿ ಶಸ್ತ್ರಚಿಕಿತ್ಸೆಯವರೆಗೂ ಹೋಯಿತು. ವಿಶ್ವಕಪ್ ಅರ್ಹತೆಯ ನಾಲ್ಕನೇ ಸುತ್ತು ಅಕ್ಟೋಬರ್‌ನಲ್ಲಿತ್ತು. ಜೆದ್ದಾದಲ್ಲಿ ಸೌದಿ ವಿರುದ್ಧ 3-2, ಇರಾಕ್ ವಿರುದ್ಧ 1-0 ಸೋಲು. ಇಂಡೊನೇಷ್ಯಾದ ಎರಡು ಗೋಲೂ ಪೆನಾಲ್ಟಿಯಿಂದ, ಅದೂ ಡಿಫೆಂಡರ್ ಕೆವಿನ್ ಡಿಕ್ಸ್ ಹೊಡೆದದ್ದು. ವಾರದೊಳಗೆ ತರಬೇತುದಾರ ಪ್ಯಾಟ್ರಿಕ್ ಕ್ಲೂವರ್ಟ್ ಹೊರನಡೆದರು. 2007ರಲ್ಲಿ ಒಬ್ಬ ಬೋವಾಜ್, 2025ರಲ್ಲಿ ಒಬ್ಬ ರೊಮೆನಿ. ಎರಡು ಸಲವೂ ದೊಡ್ಡ ಪಂದ್ಯಗಳಿಗೆ ಮುಂಚೆ, ತಮ್ಮ ನೆಲದಲ್ಲೇ, ಅಂಥ ಲೆಕ್ಕಕ್ಕಿಲ್ಲದ ಆಟದಲ್ಲಿ. 2007ರಲ್ಲಿ ಬೋವಾಜ್ ಇಲ್ಲದಿದ್ದರೂ ಬಂಬಂಗ್ ಇದ್ದರು, ಬುದಿ ಸುದಾರ್ಸೊನೊ ಇದ್ದರು. ಬಹರೇನ್ ವಿರುದ್ಧದ ಎರಡು ಗೋಲು ಅವರಿಬ್ಬರದ್ದೇ. 2025ರಲ್ಲಿ ಹಾಗೆ ತಿರುಗಿ ನೋಡಲು ಯಾರೂ ಇರಲಿಲ್ಲ. ಹೊರಗಿನಿಂದ ಒಬ್ಬ ಒಳ್ಳೆಯ ಸ್ಟ್ರೈಕರ್ ತರಬಹುದು, ಸಾಲುಸಾಲಾಗಿ ನಾಲ್ವರನ್ನು ತರಲು ಅಷ್ಟು ಅಜ್ಜಿಯಂದಿರು ಎಲ್ಲಿ ಸಿಗುತ್ತಾರೆ?

ರೊಮೆನಿ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಇಂಡೊನೇಷ್ಯಾ ವಯಸ್ಕರಿಗೆ ಇಬ್ಬಗೆಯ ಪೌರತ್ವ ಕೊಡುವುದಿಲ್ಲ. ಅಲ್ಲಿನ ಜರ್ಸಿ ತೊಡಬೇಕಾದರೆ ಹುಟ್ಟಿದ ದೇಶದ ಪಾಸ್‌ಪೋರ್ಟ್ ಬಿಡಬೇಕು. ನಮ್ಮಲ್ಲೂ ಅದೇ ಕಾನೂನು. ಪರ್ತ್‌ನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದವರಾದಾಗ ಕಂಠೀರವದ ಜನ ಖುಷಿಪಟ್ಟರು, ಪಡಬೇಕಾದದ್ದೇ. ಆದರೆ ನಮ್ಮ ಲೀಗ್ ಐಎಸ್‌ಎಲ್ ಶುರುವಾದ 2014ರಿಂದ 2024-25ರವರೆಗೆ ಒಬ್ಬ ಭಾರತೀಯನೂ ಅಲ್ಲಿ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದಿಲ್ಲ. ಆ ಕೊನೆಯ ಹಂಗಾಮಿನಲ್ಲಿ ಭಾರತೀಯರ ಪೈಕಿ ಹೆಚ್ಚು ಗೋಲು ಹೊಡೆದವರು ನಲವತ್ತರ ಸುನಿಲ್ ಚೆಟ್ರಿ, ನಿವೃತ್ತಿ ಹೇಳಿದ ಅವರನ್ನೇ ರಾಷ್ಟ್ರೀಯ ತಂಡ ಮತ್ತೆ ಕರೆಸಿಕೊಂಡಿತು. ಜಕಾರ್ತಾದ ಕಾಯಿಲೆ ನಮಗೆ ಹೊಸದಲ್ಲ.

ಇಂಡೊನೇಷ್ಯಾದ ಮುಂದೆ ಈಗ ಇರುವ ಹುಡುಗರಲ್ಲಿ ನನ್ನ ಕಣ್ಣು ರಾಮಧಾನ್ ಸನಂತಾ ಮೇಲೆ. ರಿಯಾವು ದ್ವೀಪಗಳ ಕಡೆಯವರು, ಹಳೇ ಮಾದರಿಯ ಸ್ಟ್ರೈಕರ್. ಪೆಟ್ಟಿಗೆಯೊಳಗೆ ಸಿಕ್ಕ ಚೆಂಡಿಗೆ ಎರಡನೇ ಯೋಚನೆ ಇಲ್ಲ. 2023ರಲ್ಲಿ ನಾಮ್‌ಪೆನ್‌ನಲ್ಲಿ ನಡೆದ ಆಗ್ನೇಯ ಏಷ್ಯಾದ ಕ್ರೀಡಾಕೂಟ ಸೀ ಗೇಮ್ಸ್‌ನಲ್ಲಿ ಐದು ಗೋಲು ಹೊಡೆದರು, ಥಾಯ್ಲೆಂಡ್ ವಿರುದ್ಧ 5-2ರಿಂದ ಗೆದ್ದ ಫೈನಲ್‌ನಲ್ಲೇ ಎರಡು. 32 ವರ್ಷಗಳ ಮೇಲೆ ಇಂಡೊನೇಷ್ಯಾಕ್ಕೆ ಸಿಕ್ಕ ಚಿನ್ನ ಅದು. ಎರಡು ವರ್ಷದ ನಂತರ ಇಂಡೊನೇಷ್ಯಾದ ಲೀಗ್ ಒಂದು ಕ್ಲಬ್ಬು ಹನ್ನೊಂದು ವಿದೇಶಿಯರನ್ನು ನೋಂದಾಯಿಸಬಹುದು ಎಂಬ ನಿಯಮ ತಂದಿತು. ಏಷ್ಯಾದ ಕ್ಲಬ್ ಟೂರ್ನಿಗಳಲ್ಲಿ ಸೆಣಸಲು ಇದು ಬೇಕು ಎಂಬುದು ಅದರ ಪರವಾಗಿ ಕೇಳಿಬರುವ ವಾದ. ಆ ಹಂಗಾಮು ಶುರುವಾಗುವ ಮುಂಚೆಯೇ ಸನಂತಾ ಅಲ್ಲಿನ ಪರ್ಸಿಸ್ ಸೋಲೊ ಕ್ಲಬ್ ಬಿಟ್ಟು ಬ್ರೂನೈಯ ಡಿಪಿಎಂಎಂ ಸೇರಿದ್ದರು. ಆ ಕ್ಲಬ್ ಆಡುವುದು ಮಲೇಷ್ಯಾದ ಲೀಗಿನಲ್ಲಿ. ಅಲ್ಲಿನ ಪಟ್ಟಿಯಲ್ಲಿ ಸನಂತಾ ಹೆಸರು ಬರುವುದು ವಿದೇಶಿ ಆಟಗಾರರ ಸಾಲಿನಲ್ಲಿ.